ಕವುಚಿಟ್ಟ ಕಾರ್ಡಿನ ಕಾನೂನು

ಮೊನ್ನೆ ಭಾನುವಾರ ಕುಮಟಾದ ನಮ್ಮ ಮನೆಯ ಜಗಲಿಯಲ್ಲಿ ಮಕ್ಕಳ ಜಗಳ ಅಡುಗೆಮನೆವರೆಗೂ ಕೇಳಿಸಿತು. ನನ್ನ ಮಗಳೂ ಪಕ್ಕದ ಮನೆ ಹುಡುಗನೂ ಕಾರ್ಡು ಆಡುತ್ತಿದ್ದರು. ಇದು ಇಸ್ಪೀಟಲ್ಲ. ಚಿತ್ರವಿಚಿತ್ರ ಪ್ರಾಣಿಗಳ ಚಿತ್ರವಿರುವ, ಗೆಳೆಯರೊಡನೆ ಬದಲಾಯಿಸಿಕೊಂಡು ಕೂಡಿಹಾಕುವ ಕಾರ್ಡುಗಳ ಆಟ. ಕೈಯಲ್ಲಿ ಎಷ್ಟು ಕಾರ್ಡು ಉಳಿದಿದೆ ಎಂದು ಅವನು ಕೇಳಿದ್ದಾನೆ, ಹೇಳುವುದಿಲ್ಲ ಎಂದು ಇವಳು ಹಟ ಹಿಡಿದಿದ್ದಾಳೆ. ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಎಷ್ಟು ಅಂತ ಕೇಳಿದ್ರೆ ಹೇಳ್ಬೇಕು. ಯಾವುದು ಅಂತ ಕೇಳಿದ್ರೆ ಹೇಳೂದು ಬೇಡ" ಎಂದು ತೀರ್ಪು ಕೊಟ್ಟೆ. ಇಬ್ಬರೂ ನನ್ನನ್ನು ಬಾಯಿ ಬಿಟ್ಟುಕೊಂಡು ನೋಡಿದರು. ಮೊಬೈಲಿನಲ್ಲಿ ಫೋಟೋ ಕಳಿಸಲಿಕ್ಕೂ ಮಗಳನ್ನು ಕರೆಯುವ ಅಮ್ಮನಿಗೆ ಈ ಕಾನೂನು ಹೇಗೆ ಗೊತ್ತು ಎಂಬುದು ಅವರ ಆಶ್ಚರ್ಯ.

ಗೊತ್ತಿರದೆ ಏನು. ನಾನು ಹೈಸ್ಕೂಲಿನಲ್ಲಿದ್ದಾಗ ಭಟ್ಕಳದಲ್ಲಿ ಒಂದು ಇಡೀ ವರ್ಷ ಇದೇ ಆಟವಾಡಿದವಳು ನಾನು. ಆಡಿದೆ ಎನ್ನುವುದಕ್ಕಿಂತ ಸೋತೆ ಎನ್ನುವುದು ಸರಿ. ನನ್ನ ಮುಖ ಅಂಗಡಿಯ ಮುಂಗಟ್ಟಿನ ಹಾಗೆ. ಒಳಗೆ ಏನಿದೆಯೋ ಎಲ್ಲ ಮುಂದೆಯೇ ನೇತಾಡುತ್ತದೆ. ಒಳ್ಳೆಯ ಕಾರ್ಡು ಬಂದರೆ ಹುಬ್ಬು ಮೇಲೆ ಹೋಗುತ್ತಿತ್ತು, ಕೆಟ್ಟದ್ದು ಬಂದರೆ ಕೆಳತುಟಿ ಇಳಿಯುತ್ತಿತ್ತು. ನನ್ನ ಕೈಯ ಕಾರ್ಡು ತಿಳಿಯಲಿಕ್ಕೆ ಯಾರೂ ಕಷ್ಟಪಡಬೇಕಾಗಿರಲಿಲ್ಲ.

ಆಗ ಅಪ್ಪನಿಗೆ ಭಟ್ಕಳದ ಒಂದು ಕಚೇರಿಯಲ್ಲಿ ಕೆಲಸ. ನಮ್ಮ ಓಣಿಯಲ್ಲೇ, ಎದುರಿಗೆ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಅಪ್ಪನ ಅಕ್ಕ ಸುಮತಿ ಅತ್ತೆ ಇದ್ದಳು. ಮದುವೆಯಾಗಿರಲಿಲ್ಲ. ನಮ್ಮ ಮೂಲ ಊರು ಹೊಳನಗದ್ದೆಯಲ್ಲಿ ಅಜ್ಜಿ, ಅಂದರೆ ಅವಳ ತಾಯಿ, ತೀರಿಕೊಂಡ ಮೇಲೆ ತನ್ನ ಹೊಲಿಗೆ ಮಷೀನನ್ನು ಲಾರಿಯ ಹಿಂದೆ ಹಾಕಿಸಿಕೊಂಡು ಭಟ್ಕಳಕ್ಕೆ ಬಂದವಳು. ನಮ್ಮ ಮನೆಯಲ್ಲೇ ಇರು ಎಂದು ಅಪ್ಪ ಎಷ್ಟು ಹೇಳಿದರೂ ಒಪ್ಪಿರಲಿಲ್ಲ. ಹಬ್ಬಕ್ಕೆ, ಉಣ್ಣಲಿಕ್ಕೆ ಬರುತ್ತೇನೆ, ಮಷೀನು ಮಾತ್ರ ನನ್ನ ಮನೆಯಲ್ಲೇ ಇರಲಿ ಎಂದಿದ್ದಳಂತೆ. ಓಣಿಯ ಎಲ್ಲ ಮನೆಗಳ ಹೆಂಗಸರೂ, ನಮ್ಮವರೂ ನವಾಯತ ಮುಸ್ಲಿಮರೂ, ಬಟ್ಟೆ ಹೊಲಿಸಲಿಕ್ಕೆ ಅವಳಲ್ಲಿಗೇ ಬರುತ್ತಿದ್ದರು. ಹೊಲಿದು ಉಳಿದ ತುಂಡುಗಳನ್ನು ಬೆರಳಗಲವಿದ್ದರೂ ಮಡಚಿ, ದಾರ ಸುತ್ತಿ, ಬಟ್ಟೆಯ ಜೊತೆಗೇ ವಾಪಸು ಕೊಡುವ ದರ್ಜಿ ಅವಳು. ಅದಕ್ಕೆ ಅವಳ ಮಾತನ್ನು ಯಾರೂ ಅನುಮಾನಿಸುತ್ತಿರಲಿಲ್ಲ.

ಕಾರ್ಡು ತಂದವಳು ಸಬೀಹಾ. ಓಣಿಯ ಕೊನೆಯ ಮನೆಯವಳು, ನನ್ನ ವಾರಿಗೆಯವಳು, ಇಂಗ್ಲಿಷ್ ಮೀಡಿಯಂ. ದುಬೈಯಲ್ಲಿದ್ದ ಅವಳ ಅಪ್ಪ ಅವಳ ಅಣ್ಣನಿಗೆಂದು ತಂದದ್ದು. ಅಣ್ಣನಿಗೆ ಕ್ರಿಕೆಟ್ಟಿನ ಹುಚ್ಚು ಹಿಡಿದು ಕಾರ್ಡು ಮೂಲೆ ಸೇರಿದಾಗ ಇವಳು ಅದನ್ನು ತನ್ನದಾಗಿಸಿಕೊಂಡಳು. ಒಂದೊಂದಕ್ಕೂ ಪ್ಲಾಸ್ಟಿಕ್ಕಿನ ಲಕೋಟೆ ತೊಡಿಸಿದ್ದಳು. ಎಣ್ಣೆ ಕೈಯಲ್ಲಿ ಮುಟ್ಟಬಾರದು, ಬಾಳೆಕಾಯಿ ಚಿಪ್ಸು ತಿಂದ ಮೇಲೆ ಕೈ ತೊಳೆದೇ ಕೂರಬೇಕು. ಮೂಲೆ ಮಡಚಿದ ಕಾರ್ಡನ್ನು ಅವಳ ಅಣ್ಣನ ಗೆಳೆಯರ್‍ಯಾರೂ ಬದಲಿಗೆ ತೆಗೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ಈ ಕಟ್ಟುನಿಟ್ಟು.

ಇಬ್ಬರೇ ಆಡುವುದಕ್ಕಿಂತ ಮೂವರಿದ್ದರೆ ಚೆನ್ನ ಎನಿಸಿ ಅತ್ತೆಯನ್ನು ಎಳೆದೆವು. ಮಧ್ಯಾಹ್ನದ ಊಟವಾಗಿ, ಮಷೀನಿಗೆ ಎಣ್ಣೆ ಬಿಟ್ಟು, ಅವಳು ಸ್ವಲ್ಪ ಬಿಡುವಾಗಿರುವ ಹೊತ್ತು. ಹೊಳನಗದ್ದೆಯಲ್ಲಿದ್ದಾಗ ಇಸ್ಪೀಟಿನಲ್ಲಿ ಗಂಡಸರನ್ನೂ ಸೋಲಿಸುತ್ತಿದ್ದಳೆಂದು ಅಪ್ಪ ಹೇಳುತ್ತಿದ್ದ. ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಬೀಹಾ ಕಾರ್ಡಿನ ಮೇಲಿದ್ದುದನ್ನು ಒಂದೊಂದಾಗಿ ಓದಿ ಕನ್ನಡದಲ್ಲಿ ಹೇಳಿದಳು. ಅತ್ತೆ ಚಿತ್ರ ನೋಡಿ ತನಗೆ ಬೇಕಾದ ಹೆಸರಿಟ್ಟುಕೊಂಡಳು. ಬಾಯಲ್ಲಿ ಬೆಂಕಿ ಕಾರುವ ಮಹಾಸರ್ಪ ಅವಳ ಬಾಯಲ್ಲಿ 'ಬೆಂಕಿ ಓತಿ' ಆಯಿತು. ಕೋರೆಹಲ್ಲಿನ ರಾಕ್ಷಸ 'ಹಲ್ಲುಬ್ಬ' ಆದ. ಕೆಲವು ದಿನಗಳಲ್ಲಿ ಸಬೀಹಾಳೂ ಅದೇ ಹೆಸರುಗಳಲ್ಲಿ ಆಡತೊಡಗಿದಳು.

ಆಟ ಇಷ್ಟೆ. ಕಂದು ಅಂಚಿನ ಕಾರ್ಡು ಪ್ರಾಣಿ. ನೀಲಿ ಅಂಚಿನದ್ದು ಮಂತ್ರ. ನೇರಳೆ ಅಂಚಿನದ್ದು ಬಲೆ. ಬಲೆಯಲ್ಲಿ ಎರಡು ತರ, ಹಾರುವ ಪ್ರಾಣಿಯನ್ನು ಹಿಡಿಯುವುದೊಂದು, ನಡೆಯುವುದನ್ನು ಹಿಡಿಯುವುದೊಂದು. ಪ್ರಾಣಿಯನ್ನೂ ಮಂತ್ರವನ್ನೂ ಎಲ್ಲರಿಗೂ ಕಾಣುವಂತೆ ಇಡಬೇಕು. ಬಲೆಯನ್ನು ಮಾತ್ರ ಕವುಚಿ ಇಡಬಹುದು. ಎದುರಿನವರು ಅದು ಯಾವ ಬಲೆಯೆಂದು ಊಹಿಸಿ ತಮ್ಮ ಪ್ರಾಣಿಯನ್ನು ಕಳಿಸಬೇಕು. ಊಹೆ ತಪ್ಪಿದರೆ ಪ್ರಾಣಿ ಸತ್ತಿತು.

ಯಾರಿಗೆ ಏನು ಗೊತ್ತಾಗಬಹುದು, ಏನು ಗೊತ್ತಾಗಬಾರದು ಎಂಬುದಕ್ಕೆ ಆ ಆಟದಲ್ಲಿ ದೊಡ್ಡ ಕಾನೂನೇ ಇತ್ತು. ಕೈಯ ಕಾರ್ಡು ಗುಟ್ಟು, ಆದರೆ ಎಷ್ಟಿದೆಯೆಂದು ಕೇಳಿದರೆ ನಿಜ ಹೇಳಬೇಕು. ಸತ್ತ ಕಾರ್ಡುಗಳ ಗುಡ್ಡೆಯನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಆಟ ಮುಗಿದ ಮೇಲೆ ಕವುಚಿಟ್ಟ ಕಾರ್ಡುಗಳನ್ನೆಲ್ಲ ಮಗುಚಿ ತೋರಿಸಬೇಕು, ಬಲೆಯೆಂದು ನಂಬಿಸಿ ಬೇರೇನೋ ಇಟ್ಟಿರಲಿಲ್ಲವೆಂಬುದಕ್ಕೆ. ಅಕಸ್ಮಾತ್ ಇನ್ನೊಬ್ಬರ ಕಾರ್ಡು ಕಣ್ಣಿಗೆ ಬಿದ್ದರೆ ಏನು ಮಾಡಬೇಕೆಂದು ಡಬ್ಬದ ಜೊತೆ ಬಂದ ಕಾನೂನಿನ ಪುಸ್ತಕದಲ್ಲಿ ಇರಲಿಲ್ಲ. ಅದಕ್ಕೆ ಸಬೀಹಾಳೇ ಕಾನೂನು ಮಾಡಿದಳು: ನೋಡಿದವರು ಮೂರನೆಯವರಿಗೆ ಹೇಳಕೂಡದು.

ಇದೆಲ್ಲ ನನಗೆ ಆಗ ಬಹಳ ವಿಚಿತ್ರವೆನಿಸಿತ್ತು. ಗುಟ್ಟಿಗೂ ಕಾನೂನೇ? ನಮ್ಮ ಓಣಿಗೆ ಮೀನು ತರುತ್ತಿದ್ದ ಹೆಂಗಸು ಬುಟ್ಟಿಯ ಮೇಲೆ ಅಗ್ಗದ ಸಣ್ಣ ತಾರಲೆ ಹರಡಿ, ದುಬಾರಿಯ ಇಸವಾಣವನ್ನು ಎಲೆಯ ಅಡಿಯಲ್ಲಿ ಮಲಗಿಸಿಕೊಂಡು ಬರುತ್ತಿದ್ದಳು. ತನಗೆ ಬೇಕಾದ ಮನೆ ಬಂದಾಗಷ್ಟೇ ಎಲೆ ಸರಿಯುತ್ತಿತ್ತು. ಅಡಿಯಲ್ಲಿ ಇದೆಯೆಂದು ಓಣಿಗೆಲ್ಲ ಗೊತ್ತು. ಆದರೂ ಯಾರೂ ತಾವಾಗಿ ಎಲೆ ಎತ್ತುತ್ತಿರಲಿಲ್ಲ. ಈಗ ಯೋಚಿಸಿದರೆ ಅದೂ ಒಂದು ಕಾನೂನೇ ಆಗಿತ್ತು. ಬರೆದಿಟ್ಟಿರಲಿಲ್ಲ ಅಷ್ಟೆ.

ಮೊದಮೊದಲು ಅತ್ತೆ ನಮ್ಮಿಬ್ಬರನ್ನೂ ಸುಲಭವಾಗಿ ಸೋಲಿಸಿದಳು. ಮಳೆಗಾಲ ಕಳೆದ ಮೇಲೆ ಏನೋ ಬದಲಾಯಿತು. ಒಂದು ದಿನ ಆಟ ಮುಗಿದು ಅವಳು ಕವುಚಿಟ್ಟಿದ್ದ ಕಾರ್ಡನ್ನು ಮಗುಚಿದರೆ ಅದು ನೀಲಿ ಅಂಚಿನ ಮಂತ್ರ. ನಕ್ಕೆವು. ಸ್ವಲ್ಪ ದಿನ ಬಿಟ್ಟು ಮತ್ತೆ ಹಾಗೇ ಆಯಿತು. ನಗಲಿಲ್ಲ. ಆ ಮೇಲೊಂದು ದಿನ ಸಬೀಹಾ ತನ್ನ ಬೆಂಕಿ ಓತಿಯನ್ನು ಬಲೆಗೆ ಹೆದರಿ ಕಳಿಸದೆ ಉಳಿಸಿಕೊಂಡು, ಅದೇ ಕಾರಣಕ್ಕೆ ಸೋತಳು. ಕೊನೆಗೆ ಮಗುಚಿದರೆ ಅಲ್ಲಿ ಬಲೆಯೇ ಇರಲಿಲ್ಲ, ಮತ್ತೆ ನೀಲಿ ಕಾರ್ಡು.

ಸಬೀಹಾ ಆ ಕಾರ್ಡನ್ನು ಅತ್ತೆಯ ಮುಂದೆ ಹಿಡಿದಳು. ಆಮೇಲೆ ಕೇಳಿದಳು:

"ಅತ್ತೆ, ಇದು ಮಂತ್ರ. ಇದನ್ನ ಕವುಚಿ ಇಡ್ಲಿಕ್ಕಿಲ್ಲ ಅಂತ ನಿಮಗೆ ಗೊತ್ತಿದೆ. ಗೊತ್ತಿದ್ದೂ ಇಟ್ರಾ?"

ಅತ್ತೆ ಕಾರ್ಡಿನ ಕಡೆ ನೋಡಿದಳು, ಸಬೀಹಾಳ ಕಡೆ ನೋಡಿದಳು. "ಹೌದು. ಗೊತ್ತಿದ್ದೇ ಇಟ್ಟೆ" ಎಂದಳು. "ಗೆಲ್ಬೇಕು ಅನ್ನಿಸ್ತು."

ತುಂಡು ಬಟ್ಟೆಯನ್ನೂ ಇಟ್ಟುಕೊಳ್ಳದ ಅತ್ತೆ ಮಕ್ಕಳ ಆಟದಲ್ಲಿ ಮೋಸ ಮಾಡಿದೆ ಎಂದು ತಾನೇ ಹೇಳುತ್ತಿದ್ದಾಳೆ. ಸಬೀಹಾ ಕಾರ್ಡುಗಳನ್ನು ಜೋಡಿಸಿಕೊಂಡು ಎದ್ದು ಹೋದಳು. ಅತ್ತೆ ಮಷೀನಿನ ಮುಂದೆ ಕುಳಿತು ಕಾಲು ಆಡಿಸತೊಡಗಿದಳು. ನಾನು ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಯಾರೂ ನಂಬುತ್ತಲೂ ಇರಲಿಲ್ಲ.

ಆ ಮೇಲೆ ಸಬೀಹಾ ಆಡಲಿಕ್ಕೆ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ನನ್ನೊಡನೆ ಶಾಲೆಯ ಮಾತಾಡುತ್ತಿದ್ದಳು, ಅತ್ತೆಯ ವಿಷಯ ಎತ್ತುತ್ತಿರಲಿಲ್ಲ. ಅತ್ತೆಯೂ ಕೇಳಲಿಲ್ಲ. ಮಧ್ಯಾಹ್ನ ನನ್ನನ್ನು ಕರೆದು ಸೂಜಿಗಳಿಗೆ ದಾರ ಪೋಣಿಸಿ ಕೊಡು ಎನ್ನುತ್ತಿದ್ದಳು. ನಾನು ಒಂದಷ್ಟು ಸೂಜಿ ಪೋಣಿಸಿ ಸಾಲಾಗಿ ಚುಚ್ಚಿಡುತ್ತಿದ್ದೆ. ವಯಸ್ಸಾದವರಿಗೆಲ್ಲ ಮಕ್ಕಳು ಮಾಡಿಕೊಡುವ ಕೆಲಸವೇ ಅಲ್ಲವೇ ಅದು. ಅದರಲ್ಲಿ ಯೋಚಿಸುವಂಥದ್ದು ಇದೆಯೆಂದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಸಬೀಹಾಳಿಗೆ. ರಂಜಾನ್ ಹಬ್ಬಕ್ಕೆ ಅವಳ ಚೂಡಿದಾರವನ್ನು ಅತ್ತೆಯೇ ಹೊಲಿದಿದ್ದಳು, ಕಡು ನೀಲಿ ಬಟ್ಟೆ. ಮನೆಗೆ ಒಯ್ದು ಬೆಳಕಿನಲ್ಲಿ ಬಿಡಿಸಿ ನೋಡಿದರೆ ಅಂಚಿಗೆಲ್ಲ ನೇರಳೆ ದಾರ. ಹೊಲಿಗೆ ಕೂದಲೆಳೆಯಷ್ಟೂ ಸೊಟ್ಟವಿಲ್ಲ. ಬಣ್ಣ ಮಾತ್ರ ಬೇರೆ. ಅವಳು ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನೇರ ನಮ್ಮ ಮನೆಗೆ ಬಂದಳು. ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದಳು.

"ಅತ್ತೆ ಮೋಸ ಮಾಡ್ಲಿಲ್ಲ" ಎಂದಳು. "ಅವರಿಗೆ ನೀಲಿ ಯಾವುದು, ನೇರಳೆ ಯಾವುದು, ಗೊತ್ತಾಗೂದಿಲ್ಲ. ಕಣ್ಣು ಕಾಣೂದಿಲ್ಲ ಅವರಿಗೆ."

ನಾನು ನಂಬಲಿಲ್ಲ. ಕಾಣದಿದ್ದರೆ ಕಾಣುವುದಿಲ್ಲ ಎನ್ನಬಹುದಿತ್ತಲ್ಲ, ಮೋಸಗಾರ್ತಿ ಅನ್ನಿಸಿಕೊಳ್ಳುವುದು ಎಂತಕ್ಕೆ ಎಂದೆ. ಸಬೀಹಾ ತಿರುಗಿ ಕೇಳಿದಳು, ಕಣ್ಣು ಕಾಣದ ದರ್ಜಿಗೆ ಯಾರಾದರೂ ಬಟ್ಟೆ ಕೊಡುತ್ತಾರಾ? ಒಂದೊಂದೇ ನೆನಪಾಗತೊಡಗಿತು. ಆ ಸೂಜಿಗಳು. ಮೋಡ ಕವಿದ ದಿನ ತಲೆನೋವೆಂದು ಮಷೀನು ಮುಟ್ಟದೆ ಮಲಗುತ್ತಿದ್ದುದು. ಕಾರ್ಡನ್ನು ಬಾಗಿಲ ಕಡೆ ತಿರುಗಿಸಿ ಹಿಡಿಯುತ್ತಿದ್ದುದು. ಇವನ್ನೆಲ್ಲ ನಾನು ದಿನವೂ ನೋಡಿದ್ದೆ.

ಅಪ್ಪನಿಗೆ ಈಗಲೇ ಹೇಳುತ್ತೇನೆ ಎಂದು ಹೊರಟೆ. ಸಬೀಹಾ ಕೈ ಹಿಡಿದು ನಿಲ್ಲಿಸಿದಳು. ಇನ್ನೊಬ್ಬರ ಕೈಯ ಕಾರ್ಡು ಕಂಡರೆ ಮೂರನೆಯವರಿಗೆ ಹೇಳಕೂಡದು ಎಂದಳು. ಇದು ಆಟವಾ ಎಂದು ನಾನು ಸಿಟ್ಟಾದೆ, ನಾಳೆ ಅತ್ತೆ ಹೈವೇ ದಾಟುವಾಗ ಲಾರಿ ಬಂದರೆ ನಿನ್ನ ಕಾನೂನು ಬಂದು ಹಿಡಿಯುತ್ತದಾ ಎಂದೆ. ಅವಳೂ ಸಿಟ್ಟಾದಳು. ಅಪ್ಪನಿಗೆ ಹೇಳಿದರೆ ಅವರು ಮಷೀನು ಮುಚ್ಚಿಸುತ್ತಾರೆ, ಅತ್ತೆ ನಿನ್ನ ಮುಖ ನೋಡುವುದಿಲ್ಲ ಎಂದಳು. ಕೊನೆಗೆ ಹಬ್ಬ ಕಳೆಯುವವರೆಗೆ ಸುಮ್ಮನಿರುವುದೆಂದು ಒಪ್ಪಂದವಾಯಿತು. ಆ ನೇರಳೆ ದಾರದ ಚೂಡಿದಾರವನ್ನೇ ಹಾಕಿಕೊಂಡು ಸಬೀಹಾ ಹಬ್ಬ ಮಾಡಿದಳು. ಅವಳ ಅಮ್ಮ ಕೇಳಿದ್ದಕ್ಕೆ, ನಾನೇ ಹಾಗೆ ಹೊಲಿಯಿರಿ ಅಂದಿದ್ದೆ, ಅದು ಫ್ಯಾಷನ್ನು ಎಂದಳಂತೆ.

ಹಬ್ಬದ ಮಾರನೇ ದಿನ ಅವಳು ಕಾರ್ಡಿನ ಡಬ್ಬ ಹಿಡಿದು ಅತ್ತೆಯ ಬಾಗಿಲಲ್ಲಿ ನಿಂತಿದ್ದಳು. ಏನೂ ಆಗಿಲ್ಲದವಳ ಹಾಗೆ, "ಅತ್ತೆ, ಆಡುವನಾ?" ಎಂದಳು. ಅತ್ತೆ ಚಾಪೆ ಹಾಸಿದಳು. ಕಾರ್ಡು ಹಂಚಿದ ಮೇಲೆ ನನಗೆ ಕಂಡಿತು. ಅತ್ತೆಯ ಪಾಲಿನ ಕಟ್ಟಿನಲ್ಲಿದ್ದ ನೇರಳೆ ಕಾರ್ಡುಗಳ ಮೂಲೆಗಳನ್ನು ಸಬೀಹಾ ಲಕೋಟೆಯ ಸಮೇತ ಉಗುರು ಕತ್ತರಿಸುವ ಕಟರಿನಲ್ಲಿ ಕತ್ತರಿಸಿದ್ದಳು. ಹಾರುವವಕ್ಕೆ ಹಾಕುವ ಬಲೆಗೆ ಒಂದು ಮೂಲೆ, ನಡೆಯುವವಕ್ಕೆ ಹಾಕುವ ಬಲೆಗೆ ಎರಡು. ಚಿಪ್ಸಿನ ಎಣ್ಣೆ ತಾಗಬಾರದೆಂದು ನಮ್ಮ ಕೈ ಮೂಸಿ ನೋಡುತ್ತಿದ್ದವಳು!

ಅತ್ತೆ ಕಾರ್ಡುಗಳನ್ನು ಬೀಸಣಿಗೆಯ ಹಾಗೆ ಬಿಡಿಸಿಕೊಂಡಳು. ಅವಳ ಹೆಬ್ಬೆರಳು ಅಂಚಿನ ಮೇಲೆ ಹೋಗುತ್ತ ಹೋಗುತ್ತ ಒಂದು ಮೂಲೆಯಲ್ಲಿ ನಿಂತಿತು. ಮುಂದಿನದಕ್ಕೆ ಹೋಯಿತು, ಮತ್ತೆ ನಿಂತಿತು. ಬಟ್ಟೆಯ ಅಂಚನ್ನು ಮುಟ್ಟಿಯೇ ಅಡ್ಡನೂಲು ಯಾವುದು ನೇರನೂಲು ಯಾವುದು ಹೇಳುವ ಬೆರಳು ಅದು. ಅವಳು ತಲೆ ಎತ್ತಲಿಲ್ಲ. ಸರಿಯಾದ ಕಾರ್ಡನ್ನು ಸರಿಯಾದ ಜಾಗದಲ್ಲಿ ಕವುಚಿ ಇಟ್ಟಳು.

ಆಗ ನಮಗೊಂದು ಹೊಸ ಕಷ್ಟ ಶುರುವಾಯಿತು. ಕತ್ತರಿಸಿದ ಮೂಲೆ ಅವಳ ಬೆರಳಿಗೆ ಸಿಗುವಷ್ಟೇ ಚೆನ್ನಾಗಿ ನಮ್ಮ ಕಣ್ಣಿಗೂ ಕಾಣುತ್ತಿತ್ತು. ಕವುಚಿಟ್ಟ ಕಾರ್ಡು ಯಾವ ಬಲೆಯೆಂದು ಚಾಪೆಯ ಈಚೆಯಿಂದಲೇ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಆಡಬೇಕು. ನೀವು ಯಾವಾಗಲಾದರೂ ಪ್ರಯತ್ನಿಸಿದ್ದೀರೋ ಇಲ್ಲವೋ, ಗೊತ್ತಿರುವುದನ್ನು ಮರೆಯುವುದು ಮರೆತದ್ದನ್ನು ನೆನಪು ಮಾಡಿಕೊಳ್ಳುವುದಕ್ಕಿಂತ ಕಷ್ಟ. ಬಲೆ ತಪ್ಪಿಸಿ ಹೋದರೆ ನೋಡಿಯೇ ಹೋದೆನೆಂದು ನನ್ನ ಮನಸ್ಸು ಚುಚ್ಚುತ್ತಿತ್ತು. ಹಾಗಾಗಿ ನೇರ ಬಲೆಗೇ ಹೋಗಿ ಬೀಳುತ್ತಿದ್ದೆ. ಸಬೀಹಾಳೂ ಹಾಗೇ. ಅತ್ತೆ ಗೆದ್ದಳು. ಮರುದಿನವೂ ಗೆದ್ದಳು. ನಮ್ಮ ಪ್ರಾಣಿಗಳು ದೀಪಕ್ಕೆ ಹುಳ ಬಂದ ಹಾಗೆ ಬಂದು ಸಾಯುತ್ತಿದ್ದವು.

ಹೀಗೇ ಕೆಲವು ದಿನ ಕಳೆಯಿತು. ಒಂದು ಮಧ್ಯಾಹ್ನ ಸಬೀಹಾ ಹಲ್ಲುಬ್ಬನನ್ನು ಎರಡು ಮೂಲೆ ಕತ್ತರಿಸಿದ ಬಲೆಯ ಮೇಲೆ ಕಳಿಸಿದಾಗ ಅತ್ತೆ ಆ ಕಾರ್ಡನ್ನು ಮಗುಚಲಿಲ್ಲ.

"ನೀವಿಬ್ಬರೂ ಮುಂಚೆ ಹೀಗೆ ಆಡ್ತಿರ್ಲಿಲ್ಲ" ಎಂದಳು. "ಯೋಚಿಸಿ ಬರ್ತಿದ್ರಿ. ಈಗ ಸೋಲ್ಲಿಕ್ಕೇ ಬರ್ತೀರಿ. ನನಗೆ ಬೇಕಾಗಿ ಸೋಲೂದು ಬೇಡ."

ಅವಳು ಕೈಯಲ್ಲಿದ್ದ ಕಾರ್ಡುಗಳನ್ನೆಲ್ಲ ಚಾಪೆಯ ಮೇಲೆ ಮುಖ ಮೇಲಾಗಿ ಬಿಡಿಸಿಟ್ಟಳು. "ಆತು, ನೋಡಿ. ನನಗೆ ಇದೆಲ್ಲ ಒಂದೇ ಬಣ್ಣ. ಚಾದ ನೀರು ಚೆಲ್ಲಿದ ಹಾಗೆ."

ಆಮೇಲೆ ನಿಧಾನವಾಗಿ ಹೇಳಿದಳು. ಅಜ್ಜಿಗೂ ಹೀಗೇ ಆಗಿತ್ತಂತೆ. ಅದು ಬಹಳ ಹಿಂದಿನ ಮಾತು. ಯಾರೋ ಹೇಳಿದರೆಂದು ಎಲ್ಲಿಗೋ ಕರೆದುಕೊಂಡು ಹೋಗಿ ಕಣ್ಣಿನ ಆಪರೇಶನ್ ಮಾಡಿಸಿದ ಮೇಲೆ ಇದ್ದ ಮಸುಕು ಬೆಳಕೂ ಹೋಗಿತ್ತು. ಉಳಿದ ವರ್ಷಗಳೆಲ್ಲ ಅಜ್ಜಿ ಹೊಳನಗದ್ದೆಯ ಜಗಲಿಯಲ್ಲಿ ಗೋಡೆ ಹಿಡಿದುಕೊಂಡೇ ಓಡಾಡಿದಳು. ಅವಳ ಕೈ ಹಿಡಿದವಳು ಸುಮತಿ ಅತ್ತೆ. ಈಗ ತಾನು ಬಾಯಿ ಬಿಟ್ಟರೆ ತಮ್ಮ ತನ್ನನ್ನು ಆಪರೇಶನ್ನಿಗೆ ಎಳೆಯುತ್ತಾನೆ, ಆಪರೇಶನ್ ಬೇಡವೆಂದರೆ ಮಷೀನು ಮಾರಿಸಿ ಮನೆಯಲ್ಲಿ ಕೂರಿಸುತ್ತಾನೆ. ಅವಳಿಗೆ ಎರಡೂ ಭಯ. ಮಸುಕಾದರೂ ಇರಲಿ, ಇರುವಷ್ಟು ದಿನ ಹೊಲಿಯುತ್ತೇನೆ ಎಂದುಕೊಂಡಿದ್ದಳು.

ಸಬೀಹಾ ಸಮಾಧಾನ ಹೇಳಲಿಲ್ಲ. ಎದ್ದು ಹೋಗಿ ತನ್ನ ಅಜ್ಜಿಯನ್ನು ಕೈಹಿಡಿದು ಕರೆದುಕೊಂಡು ಬಂದಳು. ಬಿಳಿ ದುಪಟ್ಟಾ ಹೊದ್ದ ಸಣ್ಣ ಮುದುಕಿ. ಕನ್ನಡ ಅಲ್ಪಸ್ವಲ್ಪ ಬರುತ್ತಿತ್ತು. ಹಿಂದಿನ ವರ್ಷವಷ್ಟೇ ಅವಳಿಗೂ ಕಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿದ್ದರು. ಅವಳು ಏನನ್ನೂ ವಿವರಿಸಲಿಕ್ಕೆ ಹೋಗಲಿಲ್ಲ. ಮಷೀನಿನ ಪಕ್ಕದ, ಸೂಜಿ ಚುಚ್ಚಿಡುವ ಪುಟ್ಟ ದಿಂಬಿನಿಂದ ಎಲ್ಲಕ್ಕಿಂತ ಸಣ್ಣ ಸೂಜಿ ಕಿತ್ತುಕೊಂಡು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿದಳು. ಅತ್ತೆಯ ಅಂಗೈ ಬಿಡಿಸಿ ಅದನ್ನು ಇಟ್ಟಳು. ಅತ್ತೆ ಬೆರಳಿನಿಂದ ಸೂಜಿಯ ಕಣ್ಣನ್ನೂ ದಾರವನ್ನೂ ಸವರಿ ನೋಡಿದಳು.

"ಹೆದರ್ಕೆ ಆಗ್ಲಿಲ್ವಾ?" ಎಂದು ಕೇಳಿದಳು.

"ಆಯ್ತು" ಎಂದಳು ಅಜ್ಜಿ. "ಮತ್ತೆ ಹೋಯ್ತು."

ಅಷ್ಟೇ ಮಾತು. ಆ ಸಂಜೆ ಅತ್ತೆ ನಮ್ಮ ಮನೆಗೆ ಬಂದು ಅಪ್ಪನ ಎದುರು ಕುಳಿತು ತಾನೇ ಹೇಳಿದಳು. ಅಪ್ಪ ಮಷೀನಿನ ಸುದ್ದಿ ಎತ್ತಲೇ ಇಲ್ಲ. ಕುಮಟಾದಲ್ಲಿ ಕಣ್ಣಿನ ಡಾಕ್ಟರಿದ್ದಾರೆ, ನಾಳೆ ರೈಲಿಗೆ ಹೋಗುವ ಎಂದ.

ಎಲ್ಲ ಹೇಗಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಆಪರೇಶನ್ ಚೆನ್ನಾಗಿ ಆಯಿತು. ಮೊದಲು ಒಂದು ಕಣ್ಣು, ಬೇಸಿಗೆಯಲ್ಲಿ ಇನ್ನೊಂದು. ಪಟ್ಟಿ ಬಿಚ್ಚಿ ಮನೆಗೆ ಬಂದ ಮೇಲೆ ಅತ್ತೆ ಕಾರ್ಡಿನ ಡಬ್ಬ ತರಿಸಿಕೊಂಡು ಒಂದೊಂದನ್ನೂ ನೋಡಿದಳು. ಇವು ಇಷ್ಟು ವಿಕಾರ ಇದ್ದವಾ, ನಾನು ಎಂತೆಂತದೋ ಚೆಂದ ಮಾಡಿಕೊಂಡಿದ್ದೆ ಎಂದು ನಕ್ಕಳು. ಮೂಲೆ ಹೋದ ಕಾರ್ಡುಗಳಿಗೆ ಬದಲಿಯಾಗಿ ಸಬೀಹಾಳಿಗೆ ಏನು ಕೊಡುವುದೆಂದು ಅವಳಿಗೆ ತಿಳಿಯಲಿಲ್ಲ. ಸಬೀಹಾಳಿಗೆ ಏನೂ ಬೇಕಾಗಿರಲಿಲ್ಲ. ಅತ್ತೆ ಅದರ ಮೇಲೂ ಬಹಳ ವರ್ಷ ಹೊಲಿದಳು. ನನ್ನ ಮದುವೆಯ ರವಿಕೆ ಅವಳದೇ.

ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಕುಮಟಾಕ್ಕೆ ಹೋದ ಆ ಬೆಳಿಗ್ಗೆ. ಪ್ಯಾಸೆಂಜರ್ ರೈಲು. ಕಿಟಕಿಯ ಪಕ್ಕ ಅತ್ತೆ, ಎದುರಿಗೆ ಅಪ್ಪ, ಅಪ್ಪನ ಪಕ್ಕ ನಾನು. ಮುರ್ಡೇಶ್ವರ ಕಳೆಯಿತು, ಮಂಕಿ ಕಳೆಯಿತು. ಹೊನ್ನಾವರ ಹತ್ತಿರವಾಗಿ ರೈಲು ಶರಾವತಿಯ ಸೇತುವೆ ಹತ್ತಿದಾಗ ಸದ್ದು ಬದಲಾಯಿತು. ಅತ್ತೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿ, "ಹೊಳೆ ಬಂತಲ್ಲ?" ಎಂದಳು. ಹೊರಗೆ ಕಣ್ಣು ಹಾಯುವಷ್ಟೂ ನೀರು ಬಿಸಿಲಿಗೆ ಹೊಳೆಯುತ್ತಿತ್ತು.

ಅಪ್ಪ ಆ ನೀರನ್ನು ನೋಡಿದ. ಆಮೇಲೆ ಹೇಳಿದ, "ನಂಗೆ ಗೊತ್ತಿತ್ತು ಅಕ್ಕ. ಮಳೆಗಾಲದಿಂದ್ಲೇ ಗೊತ್ತಿತ್ತು. ನೀನು ಮೆಟ್ಲು ಇಳಿವಾಗ ಕಾಲಲ್ಲಿ ಹುಡುಕ್ತಿದ್ದೆ."

ಅಪ್ಪ ಆ ಮಳೆಗಾಲದಲ್ಲಿ ಅವಳ ಬಾಗಿಲ ಮುಂದಿನ ಒಡೆದ ಮೆಟ್ಟಿಲಿಗೆ ಸಿಮೆಂಟು ಹಾಕಿಸಿ, ಅಂಚಿಗೆ ಸುಣ್ಣ ಬಳಿದಿದ್ದು ನನಗೆ ಆಗ ನೆನಪಾಯಿತು. ಜಾರುತ್ತದೆ ಎಂದಷ್ಟೇ ಹೇಳಿದ್ದ.

"ಗೊತ್ತಿದ್ರೆ ಕೇಳ್ಲಿಲ್ಲ ಎಂತಕ್ಕೆ ತಮ್ಮ?"

"ನೀನೇ ಹೇಳ್ಲಿ ಅಂತ ಕಾದೆ."

ಸೇತುವೆ ಇನ್ನೂ ಮುಗಿದಿರಲಿಲ್ಲ. ಅತ್ತೆ ಮಡಿಲಲ್ಲಿದ್ದ ಚೀಲದ ಹಿಡಿಕೆಯನ್ನು ತಿರುವುತ್ತ ಕುಳಿತಳು. "ನೀನು ಒಂದ್ಸಲ ಕೇಳ್ಲಿ ಅಂತ ನಾನೂ ಕಾದೆ" ಎಂದಳು. "ಕೇಳಿದ್ರೆ ಸುಳ್ಳು ಹೇಳ್ತಿರ್ಲಿಲ್ಲ."

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ. ಆಮೇಲೆ ಎದ್ದು ಅವಳ ಪಕ್ಕಕ್ಕೆ ಹೋಗಿ ಕುಳಿತು, ಹೊರಗೆ ಕಾಣುತ್ತಿದ್ದುದನ್ನು ಹೇಳತೊಡಗಿದ. ಹೊಳೆಯ ನಡುವೆ ದಿಬ್ಬದ ಮೇಲೆ ಕೊಕ್ಕರೆ ಇವೆ ಎಂದ. ಮರಳು ತುಂಬಿದ ದೋಣಿಯೊಂದು ಹೋಗುತ್ತಿದೆ, ನೀರು ಅಂಚಿನವರೆಗೂ ಬಂದಿದೆ ಎಂದ. ಅತ್ತೆ ಕೇಳಿಸಿಕೊಂಡಳು. ಹೊನ್ನಾವರ ಸ್ಟೇಷನ್ನು ಬಂತು, ಹೋಯಿತು. ಅವನು ನಿಲ್ಲಿಸಲಿಲ್ಲ, ಅವಳು ಸಾಕು ಎನ್ನಲಿಲ್ಲ. ಕುಮಟಾ ಬರುವವರೆಗೂ ಅಪ್ಪ ಒಂದೊಂದೇ ಗದ್ದೆ, ಒಂದೊಂದೇ ತೆಂಗಿನ ತೋಟ, ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆಯ ಬಣ್ಣ ಕೂಡ ಬಿಡದೆ ಹೇಳುತ್ತಲೇ ಇದ್ದ.